ರೈಲು ಹೋದ ಮೇಲಿನ ಮನೆ



ಈ ಸಭಾಂಗಣದ ಕೊನೆಯ ಎರಡು ಸಾಲುಗಳಲ್ಲಿ ಹನ್ನೊಂದು ಮಕ್ಕಳು ಕೂತಿದ್ದಾರೆ. ಎಣಿಸಿಯೇ ಹೇಳುತ್ತಿದ್ದೇನೆ. ಮೂವತ್ತು ವರ್ಷ ಹಾಜರಿ ಕೂಗಿದವಳಿಗೆ ತಲೆ ಎಣಿಸುವ ಚಾಳಿ ಹೋಗುವುದಿಲ್ಲ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅವರಲ್ಲೊಬ್ಬ ಕುರ್ಚಿಯ ಕೆಳಗೆ ಇಳಿದಿದ್ದ. ಸ್ವಾಗತ ಭಾಷಣದ ನಡುವೆ ಒಬ್ಬಳು ಅಮ್ಮನ ಸೆರಗಿನ ಅಂಚಿನಿಂದ ದಾರ ಎಳೆಯತೊಡಗಿದಳು. ಮನೆಯಲ್ಲಿ ಬೇಸರ ಪಡುವ ಮಕ್ಕಳ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದೀರಿ. ವಿಷಯ ನನಗಿಂತ ಮೊದಲೇ ಬಂದು ಹಿಂದಿನ ಸಾಲಿನಲ್ಲಿ ಕೂತಿದೆ. ಅವರನ್ನು ಯಾರೂ ಗದರಬೇಡಿ. ದಾರ ಎಳೆಯುವವಳನ್ನೂ ಬಿಟ್ಟುಬಿಡಿ, ಸೀರೆ ಹಳೆಯದೇ ಇದ್ದ ಹಾಗಿದೆ.

ಮೊದಲು ಮಾತಿನಿಂದಲೇ ಶುರು ಮಾಡುತ್ತೇನೆ. ನಮ್ಮ ಭಾಷೆಯಲ್ಲಿ 'ಬೇಸರ' ಅನ್ನುವ ಮಾತಿದೆ. ತೆಲುಗಿನಲ್ಲಿ 'ವಿಸಿಗಿ ವೇಸಾರಿ' ಅನ್ನುವಾಗ ಬರುವ ವೇಸಾರು ಅದರ ನಂಟನೇ. 'ಬೇಜಾರು' ಪಾರಸಿಯಿಂದ ಬಂದು ನಮ್ಮದಾಗಿಹೋಗಿದೆ. ಆದರೆ ನಮ್ಮ ಮಕ್ಕಳು ಈ ಯಾವುದನ್ನೂ ಹೇಳುವುದಿಲ್ಲ. 'ಅಮ್ಮಾ, ಬೋರು' ಅನ್ನುತ್ತಾರೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಒಂದು ಬೀದಿಯಲ್ಲಿ ನಿಂತು ಕೇಳಿ: ಕನ್ನಡದ ಹುಡುಗನಿಗೆ ಬೋರ್ ಹೊಡೆಯುತ್ತೆ, ತಮಿಳು ಹುಡುಗಿಗೆ ಬೋರ್ ಅಡಿಕ್ಕುದು, ತೆಲುಗಿನವನಿಗೆ ಬೋರ್ ಕೊಡುತೋಂದಿ. ಮೂರೂ ಒಂದೇ ಕ್ರಿಯಾಪದ, ಹೊಡೆಯುವುದು. ಹೆಸರು ಇಂಗ್ಲಿಷಿನವರದು, ಏಟು ನಮ್ಮದು. ಅದು ಹೊರಗಿನಿಂದ ಬಂದು ಬೀಳುವ ಏಟು ಅಂತ ಮೂರು ಭಾಷೆಯ ಮಕ್ಕಳೂ ನಂಬಿದ್ದಾರೆ. ಹೊಡೆಸಿಕೊಂಡವರನ್ನು ಬಿಡಿಸುವುದು ದೊಡ್ಡವರ ಕೆಲಸ ತಾನೆ? ಅದಕ್ಕೇ ನಾವು ಓಡಿಹೋಗಿ ಕೈಗೆ ಫೋನು ಕೊಡುತ್ತೇವೆ.

ನಮ್ಮ ಜಿಲ್ಲೆಯಲ್ಲಿ ಬೋರಿಗೆ ಇನ್ನೊಂದು ಅರ್ಥವೂ ಉಂಟು, ಕೊಳವೆ ಬಾವಿ. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ ಕೋಲಾರದಲ್ಲಿ ಸಾವಿರ, ಸಾವಿರದೈನೂರು ಅಡಿ ಕೊರೆಸಿದ ಮೇಲೂ ಬರೀ ಧೂಳು ಬಂದ ಕಥೆ ಪ್ರತಿ ಮನೆಯಲ್ಲೂ ಇದೆ. ಎರಡನೇ ಕ್ಲಾಸಿನ ಒಬ್ಬ ಹುಡುಗನಿಗೆ ನಾನು ಒಮ್ಮೆ 'ಯಾಕೋ, ಬೋರಾ?' ಅಂತ ಕೇಳಿದ್ದಕ್ಕೆ, 'ಇಲ್ಲ ಮಿಸ್, ನಮ್ದು ಫೇಲಾಗೋಯ್ತು, ಪಕ್ಕದ ತೋಟದಲ್ಲಿ ನೀರು ಬಿತ್ತು' ಅಂದ.

ಈಗ ಮನೆಗೆ ಬರೋಣ. ಯಾವ ಮನೆ? ಪತ್ರಿಕೆಗಳಲ್ಲಿ ಮಕ್ಕಳ ಬೇಸರದ ಬಗ್ಗೆ ಬರೆಯುವವರ ಕಣ್ಣ ಮುಂದೆ ಒಂದು ಮನೆ ಇರುತ್ತದೆ. ಮಗುವಿಗೊಂದು ಕೋಣೆ, ಹಿಂದೆ ಒಂದಿಷ್ಟು ಹುಲ್ಲು, ಬಣ್ಣದ ಕಾಗದ, ಬಿಡುವಾಗಿರುವ ತಾಯಿ. ನಮ್ಮದು ಆ ಮನೆ ಅಲ್ಲ. ಚಾಂಪಿಯನ್ ರೀಫ್‌ನಲ್ಲೋ ಮಾರಿಕುಪ್ಪಂನಲ್ಲೋ ಚಿನ್ನದ ಗಣಿಯ ಕಾರ್ಮಿಕರಿಗೆಂದು ಕಟ್ಟಿದ ಲೈನ್ ಮನೆ: ಒಂದು ಕೋಣೆ, ಒಂದು ಅಡುಗೆ ಮೂಲೆ, ಎದುರಿಗೆ ಗಲ್ಲಿ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ಮಕ್ಕಳು ಮನೆಯೊಳಗೆ ಬೇಸರ ಪಡುವ ಪ್ರಶ್ನೆಯೇ ಇರಲಿಲ್ಲ ಅಂತ ಹಿರಿಯರು ಹೇಳುತ್ತಾರೆ. ಕಾರಣ ಸುಖವಲ್ಲ, ಪಾಳಿ. ರಾತ್ರಿ ಪಾಳಿ ಮುಗಿಸಿ ಮೇಲೆ ಬಂದ ಅಪ್ಪ ಹಗಲೆಲ್ಲ ಆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ. ಸದ್ದು ಮಾಡಿದರೆ ಬೆನ್ನು ಮುರಿಯುತ್ತಿತ್ತು. ಹಾಗಾಗಿ ಇಡೀ ಲೈನಿನ ಮಕ್ಕಳು ಬೀದಿಯ ಪಾಲು. ಬೀದಿ ಅವರ ನಡುಮನೆ, ಸೈರನ್ ಅವರ ಗಡಿಯಾರ.

2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದಾಗಿನಿಂದ ನೂರಿಪ್ಪತ್ತು ವರ್ಷ ಒಂದು ಊರಿನ ದಿನಚರಿಯನ್ನು ಕಟ್ಟಿದ್ದ ವ್ಯವಸ್ಥೆ ಒಂದು ದಿನ ಇಲ್ಲವಾಯಿತು. ಆಮೇಲೆ ನಮ್ಮ ಊರುಗಳ ದಿನಚರಿಯನ್ನು ಕಟ್ಟಿದ್ದು ರೈಲು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್, ಬೆಮೆಲ್ ನಗರ, ಬಂಗಾರಪೇಟೆ. ಬೆಳಗಿನ ಜಾವ ಈ ಸ್ಟೇಷನ್ನುಗಳಲ್ಲಿ ಹತ್ತುವ ಸಾವಿರಾರು ಜನ ಬೆಂಗಳೂರಿನ ಕಾರ್ಖಾನೆ, ಅಂಗಡಿ, ಆಸ್ಪತ್ರೆ, ಕಟ್ಟಡಗಳಲ್ಲಿ ದುಡಿದು, ದೀಪ ಹೊತ್ತಿ ಎಷ್ಟೋ ಹೊತ್ತಾದ ಮೇಲೆ ಇಳಿಯುತ್ತಾರೆ. ಅಪ್ಪ ಹೋದಾಗ ಮಗು ಮಲಗಿರುತ್ತದೆ, ಬಂದಾಗಲೂ ಮಲಗಿರುತ್ತದೆ. ಅಮ್ಮನೂ ಅದೇ ರೈಲಿನವಳಾದರೆ ಮನೆಯಲ್ಲಿ ಉಳಿಯುವುದು ಮಂಡಿನೋವಿನ ಅಜ್ಜಿ, ಒಂದು ಟಿವಿ, ಮೂರು ವಯಸ್ಸಿನ ಮೂರು ಮಕ್ಕಳು. ನಾನು ಮಾತಾಡುತ್ತಿರುವುದು ಈ ಮನೆಯ ಬಗ್ಗೆ, ರೈಲು ಹೋದ ಮೇಲೆ ಉಳಿದ ಮನೆಯ ಬಗ್ಗೆ.

ಇಲ್ಲಿ ನನ್ನದೊಂದು ಜಗಳ ಇದೆ. ಬೇಸರವನ್ನು ಮಗುವಿನ ಕಾಯಿಲೆ ಅಂತ ನೋಡುತ್ತೇವಲ್ಲ, ಅದರ ಜೊತೆ. 'ಇವನಿಗೆ ಒಂದು ಕಡೆ ಕೂರೋಕೇ ಬರಲ್ಲ ಮೇಡಂ' ಅಂತ ದೂರು ತರುವ ತಾಯಂದಿರಿಗೆ ನಾನು ಒಂದು ಪ್ರಯೋಗದ ಕಥೆ ಹೇಳುತ್ತೇನೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಟಿಮತಿ ವಿಲ್ಸನ್ ಮತ್ತವರ ಜೊತೆಗಾರರು 2014ರಲ್ಲಿ ಪ್ರಕಟಿಸಿದ್ದು. ದೊಡ್ಡವರನ್ನು ಖಾಲಿ ಕೋಣೆಯಲ್ಲಿ ಕೂರಿಸಿ, ಹದಿನೈದು ನಿಮಿಷ ಸುಮ್ಮನೆ ಯೋಚಿಸುತ್ತಾ ಇರಿ ಅಂದರು. ಪಕ್ಕದಲ್ಲಿ ಒಂದು ಗುಂಡಿ, ಒತ್ತಿದರೆ ಸಣ್ಣ ಕರೆಂಟು ಹೊಡೆಯುತ್ತದೆ. ಆ ಶಾಕು ಎಷ್ಟು ಕೆಟ್ಟದಾಗಿರುತ್ತದೆ ಅಂತ ಅವರಿಗೆ ಮೊದಲೇ ತೋರಿಸಿಯೂ ಆಗಿತ್ತು. ಆದರೂ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ, ಸುಮ್ಮನೆ ಕೂರಲಾರದೆ ತಾವೇ ಗುಂಡಿ ಒತ್ತಿಕೊಂಡರು! ಕಾಲೇಜು ಮೆಟ್ಟಿಲು ಹತ್ತಿದವರ ಪಾಡೇ ಇದು. ಆರು ವರ್ಷದವನು ಸೋದರಮಾವನ ಫೋನಿನ ಗುಂಡಿ ಒತ್ತಿದರೆ ಅದರಲ್ಲಿ ಅವನ ತಪ್ಪು ಎಷ್ಟು?

ಸುಮ್ಮನಿರುವುದು ಕಲಿಯಬೇಕಾದ ವಿದ್ಯೆ. ಅದನ್ನು ಬೇರೆ ಬೇರೆ ವಯಸ್ಸಿನಲ್ಲಿ ಬೇರೆ ಬೇರೆ ಥರ ಕಲಿಸಬೇಕು ಅನ್ನುವುದಷ್ಟೇ ನನ್ನ ಮಾತು. ಎಲ್ಲ ಮಕ್ಕಳಿಗೂ ಒಂದೇ ಮದ್ದು ಅಂತ ಫೋನು ಕೊಟ್ಟದ್ದೇ ನಮ್ಮ ಎಡವಟ್ಟು. ಎರಡು ವರ್ಷದ ಕೂಸಿಗೂ ಅದೇ, ಹದಿನಾಲ್ಕರ ಹುಡುಗನಿಗೂ ಅದೇ.

ಕೂಸುಗಳ ವಿಷಯ ಬೇಗ ಮುಗಿಸುತ್ತೇನೆ, ಅಲ್ಲಿ ಹೇಳುವುದು ಸ್ವಲ್ಪ. ವರ್ಷ ತುಂಬದ ಮಗುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರುವುದು ಬೇಡ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಆ ವಯಸ್ಸಿನ ಮಗು ಅಳುವುದು ಬೇಸರಕ್ಕಲ್ಲ, ಮುಖಕ್ಕೆ. ಅದಕ್ಕೆ ಯಾರದ್ದಾದರೂ ಮುಖ ಕಾಣುತ್ತಿರಬೇಕು. ಅಜ್ಜಿ ಕೂತಲ್ಲೇ ಕೂತು ಸೊಪ್ಪು ಬಿಡಿಸುತ್ತಾ ಮಾತಾಡಿಸುತ್ತಿದ್ದರೆ ಸಾಕು. ಮೂರು ನಾಲ್ಕು ವರ್ಷಕ್ಕೆ ಬಂದ ಮಗುವಿಗೆ ಒಂದು ಮೊರ, ಎರಡು ಹಿಡಿ ರಾಗಿ, ಎರಡು ಲೋಟ ಕೊಡಿ. ಒಂದರಿಂದ ಇನ್ನೊಂದಕ್ಕೆ ಸುರಿಯುವುದು, ಮತ್ತೆ ಸುರಿಯುವುದು. ನಮಗೆ ನೋಡಿದರೇ ಆಕಳಿಕೆ ಬರುವಷ್ಟು ಹೊತ್ತು ಅದು ಸುರಿಯುತ್ತದೆ. ಆಮೇಲೆ ನೆಲ ಗುಡಿಸುವುದು ಯಾರು ಅನ್ನುತ್ತೀರಿ. ಆ ಪ್ರಶ್ನೆ ನ್ಯಾಯವೇ. ಗುಡಿಸುವುದನ್ನೂ ಆ ಮಗುವಿಗೇ ಕೊಟ್ಟರೆ ಇನ್ನೊಂದು ಅರ್ಧ ಗಂಟೆ ಸಿಗುತ್ತದೆ, ನೆಲವೇನೂ ಚೊಕ್ಕವಾಗುವುದಿಲ್ಲ.

ಈ ವಯಸ್ಸಿನವರ ಇನ್ನೊಂದು ಗುಟ್ಟು, ಅವರಿಗೆ ಹೊಸದು ಬೇಕಾಗಿಲ್ಲ. ಕೇಳಿದ ಕಥೆಯನ್ನೇ ಕೇಳುತ್ತಾರೆ. ಇಪ್ಪತ್ತನೆಯ ಸಲ ಹೇಳುವಾಗ ಒಂದು ಮಾತು ಬದಲಾಯಿಸಿ ನೋಡಿ, ನ್ಯಾಯಾಧೀಶರ ಥರ ತಡೆಯುತ್ತಾರೆ. ನಮ್ಮ ಮನೆಯಲ್ಲಿ ಕಥೆ ತೆಲುಗಿನದು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ್ದೇವೆ, ಅಜ್ಜಿಯ ತೆಲುಗು ಕಥೆ ಕೇಳಿದರೆ ಭಾಷೆ ಕೆಡುತ್ತೆ ಅಂತ ಅಜ್ಜಿಯ ಬಾಯಿ ಮುಚ್ಚಿಸಿದ ಮನೆಗಳನ್ನು ಕಂಡಿದ್ದೇನೆ. ಬೇಸರಕ್ಕೆ ಇದ್ದ ಒಂದೇ ಪುಕ್ಕಟೆ ಔಷಧಿಯನ್ನು ಮೋರಿಗೆ ಸುರಿದ ಹಾಗೆ.

ಏಳರಿಂದ ಹನ್ನೊಂದು, ನನ್ನ ಪ್ರೀತಿಯ ವಯಸ್ಸು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲು ಬಿಡಿ.

2020ರ ಮಾರ್ಚ್ ಮಧ್ಯದಲ್ಲಿ ಕೊರೊನಾದಿಂದಾಗಿ ನಮ್ಮ ಶಾಲೆಗಳು ಮುಚ್ಚಿದವು. ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಬೆಂಚಿನ ಮೇಲೆ ಕೂತದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು. ನಡುವೆ ವಿದ್ಯಾಗಮ ಬಂತು. ನಾವೇ ಊರುಗಳಿಗೆ ಹೋಗಿ ಅರಳಿಕಟ್ಟೆ, ದೇವಸ್ಥಾನದ ಜಗುಲಿಗಳಲ್ಲಿ ಪಾಠ ಮಾಡಿದೆವು. ಅದೂ 2020ರ ಅಕ್ಟೋಬರಿನಲ್ಲಿ ನಿಂತಿತು. ಆಮೇಲೆ ಫೋನಿನಲ್ಲಿ ಪಾಠ ಅಂದರು. ಫೋನು ಎಲ್ಲಿದೆ? ಅಪ್ಪನ ಜೇಬಿನಲ್ಲಿ. ಅಪ್ಪ ಎಲ್ಲಿ? ಬೆಂಗಳೂರಿನಲ್ಲಿ. ರಾತ್ರಿ ಒಂಬತ್ತೂವರೆಗೆ ನನ್ನ ಫೋನಿಗೆ ಗಣಿತದ ಲೆಕ್ಕಗಳು ಬರಲು ಶುರುವಾಗುತ್ತಿದ್ದವು. ಹಾಳೆಯ ಫೋಟೋದ ಅಂಚಿನಲ್ಲಿ ಊಟದ ತಟ್ಟೆ, ಅಪ್ಪನ ಹೆಬ್ಬೆರಳು.

ಆ ದಿನಗಳಲ್ಲಿ ಒಂದು ವಿಚಿತ್ರ ಕಂಡೆ. ಮೊದಲ ಕೆಲವು ತಿಂಗಳು ರೈಲೂ ನಿಂತಿತ್ತು, ಅಪ್ಪ ಅಮ್ಮ ಇಬ್ಬರೂ ಮನೆಯಲ್ಲೇ ಇದ್ದರು. ಮಕ್ಕಳು ಖುಷಿಯಾಗಿರಬೇಕಿತ್ತಲ್ಲ? ಆಗಲೇ ಅವರು ಹೆಚ್ಚು ಒದ್ದಾಡಿದ್ದು. ಸಂಬಳ ಇಲ್ಲದ ಅಪ್ಪ ಗೋಡೆ ನೋಡುತ್ತಾ ಕೂತಿದ್ದರೆ ಆ ಮನೆಯಲ್ಲಿ ಯಾವ ಆಟ ಏಳುತ್ತದೆ? ಮಗುವಿನ ಬೇಸರದಲ್ಲಿ ದೊಡ್ಡವರ ದಿಗಿಲು ಬೆರೆತಿರುತ್ತದೆ ಅಂತ ನನಗೆ ಅರ್ಥವಾದದ್ದು ಆಗ. ಜೊತೆಯಲ್ಲಿ ದೊಡ್ಡವರಿದ್ದರೆ ಸಾಲದು, ಅವರ ಮನಸ್ಸೂ ಅಲ್ಲಿರಬೇಕು.

ಅದೇ ಸಮಯದಲ್ಲಿ ಒಂದು ಲೈನಿನ ಮಕ್ಕಳು ಮಾತ್ರ ಕಳೆಕಳೆಯಾಗಿದ್ದರು. ಹಾಳೆ ಕೊಡಲು ಹೋದಾಗ ನೋಡಿದೆ: ಒಬ್ಬ ಪಾಟಿ, ಅಂದರೆ ತಮಿಳಿನ ಅಜ್ಜಿ, ನೆಲದ ಮೇಲೆ ಇದ್ದಿಲಿನಲ್ಲಿ ಚೌಕಾಬಾರಾ ಆಟದ ಐದು ಐದಲ ಇಪ್ಪತ್ತೈದು ಮನೆ ಬರೆದಿದ್ದಳು. ಕವಡೆ ಇರಲಿಲ್ಲ. ಹುಣಸೆ ಬೀಜವನ್ನು ಕಲ್ಲಿಗೆ ತೇದು ಒಂದು ಮಗ್ಗುಲು ಬಿಳಿ ಮಾಡಿಕೊಂಡಿದ್ದರು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಎಂಟು, ಅಂದರೆ ಬಾರಾ, ಮತ್ತೊಂದು ಆಟ ಹೆಚ್ಚುವರಿ. ಅಲ್ಲಿ ಆಡುತ್ತಿದ್ದವರ ವಯಸ್ಸು ಆರು, ಒಂಬತ್ತು, ಹನ್ನೊಂದು, ಅರವತ್ತೆಂಟು. ಅರವತ್ತೆಂಟರವರು ಮೋಸ ಮಾಡುತ್ತಿದ್ದರು.

ಈ ಆಟಗಳಲ್ಲಿ ನಮ್ಮ ಗಣಿಯ ಊರಿಗೆ ಒಂದು ಹೆಚ್ಚುಗಾರಿಕೆ ಇದೆ, ಪ್ರತಿಯೊಂದಕ್ಕೂ ಮೂರು ಹೆಸರು. ಕನ್ನಡದ ಅಳಗುಳಿಮಣೆ ತಮಿಳಿನ ಪಲ್ಲಾಂಗುಳಿ, ತೆಲುಗಿನ ವಾಮನಗುಂಟಲು. ನಮ್ಮ ಕುಂಟೆಬಿಲ್ಲೆ ಪಕ್ಕದ ಮನೆಗೆ ಹೋದರೆ ಪಾಂಡಿ, ಅದರಾಚೆ ತೊಕ್ಕುಡುಬಿಳ್ಳ. ಆಡುಹುಲಿಯ ಮೂರು ಹುಲಿ, ಹದಿನೈದು ಆಡು ಮಾತ್ರ ಮೂರು ಭಾಷೆಯಲ್ಲೂ ಮೂರು, ಹದಿನೈದೇ. ಹೆಸರು ಬೇರೆಯಾದರೂ ಗೆರೆ ಒಂದೇ ಆದ್ದರಿಂದ, ಆರ್ಕಾಟಿನ ಕಡೆಯಿಂದ ಬಂದವರ ಮಗುವೂ ಚಿತ್ತೂರಿನ ಕಡೆಯವರ ಮಗುವೂ ಮಾತು ಬಾರದೆಯೇ ಆಡಬಹುದಿತ್ತು. ಭಾಷೆ ಕಲಿತದ್ದು ಜಗಳವಾಡುವಾಗ.

ಆಡುಹುಲಿಯನ್ನು ನಾನು ವಿಶೇಷವಾಗಿ ಮೆಚ್ಚುವುದಕ್ಕೆ ಕಾರಣ ಇದೆ. ಆಡುಗಳಿಗೆ ಹಾರಿ ಹೊಡೆಯುವ ಹಕ್ಕಿಲ್ಲ, ಒಂದೊಂದಾಗಿ ಇಟ್ಟು, ಸಾಲು ಕಟ್ಟಿ, ಹುಲಿ ಅಲುಗಾಡದ ಹಾಗೆ ಮಾಡಬೇಕು. ಆಡಿನ ಕಡೆ ಆಡುವ ಮಗು ಮೊದಲ ಹತ್ತು ನಿಮಿಷ ಸೋಲುತ್ತಲೇ ಇರುತ್ತದೆ. ಸೋಲಿನಲ್ಲಿ ಎದ್ದು ಹೋಗದೆ ಕೂರುವ ಅಭ್ಯಾಸ ಮೊಬೈಲಿನ ಆಟದಲ್ಲಿ ಆಗುವುದಿಲ್ಲ, ಅಲ್ಲಿ ಸೋತ ತಕ್ಷಣ ಹೊಸ ಆಟ ಬಂದು ಕೂರುತ್ತದೆ. ಹಿಂದೆಲ್ಲ ಚೆನ್ನಾಗಿತ್ತು, ಈಗ ಕೆಟ್ಟುಹೋಗಿದೆ ಅಂತ ಹಳಹಳಿಸಲು ನಾನು ಬಂದಿಲ್ಲ. ಹಳೆಯ ಬೀದಿಯಲ್ಲಿ ಏಟು, ಬೈಗುಳ, ಜಾತಿ ಎಲ್ಲವೂ ಇತ್ತು. ಯಾರ ಮನೆಯ ಮಗು ಯಾರ ಜಗುಲಿ ಹತ್ತಬಾರದು ಅನ್ನುವ ಲೆಕ್ಕ ನನಗೆ ಕುಂಟೆಬಿಲ್ಲೆಯ ಮನೆಗಳಿಗಿಂತ ಮೊದಲೇ ಬಾಯಿಪಾಠವಾಗಿತ್ತು. ಈಗ ಆಡುವವರು ಆ ಗೆರೆಯನ್ನು ಮಾತ್ರ ಮತ್ತೆ ಬರೆಯದಿರಲಿ.

ಮಕ್ಕಳಿಗೆ ಆಟ ಕಲಿಸಿಕೊಟ್ಟು ಎದ್ದುಬಿಡಬೇಕು. ಪೂರ್ತಿ ಹೊತ್ತು ಕೂತು ಆಡಿಸಲು ಹೋದರೆ ಅದೂ ಟ್ಯೂಷನ್ ಆಗುತ್ತದೆ. ಈ ವಯಸ್ಸಿನವರಿಗೆ ಬೇಕಾದದ್ದು ಮೂರು: ಸಾಮಾನು, ಜೊತೆ, ಮತ್ತು ಕೆಡಿಸಿದರೆ ಬೈಯದ ಒಂದು ಮೂಲೆ. ಬಂಗಾರಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ತಮ್ಮ ಒಂದು ಬೇಸಿಗೆಯಲ್ಲಿ ಪತ್ತೇದಾರಿಕೆಗೆ ಇಳಿದರು. ನಮ್ಮೂರ ಪಾನಿಪುರಿಯ ಪಾನಿ ಬೇರೆ ಕಡೆಯ ಹಾಗೆ ಹಸಿರಲ್ಲ, ಕುಡಿಯುವ ನೀರಿನಷ್ಟು ತಿಳಿ, ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಇದು ಹೇಗೆ? ಗಾಡಿಯವರು ಹೇಳುವುದಿಲ್ಲ. ಮಕ್ಕಳು ಹಸಿಮೆಣಸಿನಕಾಯಿ ಜಜ್ಜಿ, ಹಳೆಯ ಪಂಚೆಯಲ್ಲಿ ಕಟ್ಟಿ, ನೀರಿನಲ್ಲಿ ಅದ್ದಿ, ಸೋಸಿ, ನೋಟ್‌ಬುಕ್ಕಿನಲ್ಲಿ ಬರೆದು, ಮತ್ತೆ ಸೋಸಿ, ಹದಿನೇಳು ದಿನ ಕಳೆದರು. ಗುಟ್ಟು ಸಿಗಲಿಲ್ಲ. ಅವರಮ್ಮನಿಗೆ ಒಂದು ಡಬ್ಬಿ ಇಂಗು ಖಾಲಿಯಾಯಿತು, ತಮ್ಮನಿಗೆ ಕಣ್ಣುರಿ ಬಂತು. ಆ ರಜೆಯಲ್ಲಿ ಆ ಮನೆಯಿಂದ 'ಬೋರು' ಅನ್ನುವ ಕೂಗು ನಾನು ಕೇಳಲಿಲ್ಲ, 'ಅಯ್ಯೋ ನನ್ನ ಇಂಗು' ಅನ್ನುವುದು ಕೇಳಿದೆ.

ಇನ್ನು ಕರೆಂಟು. 1902ರಲ್ಲೇ ಶಿವನಸಮುದ್ರದಿಂದ ತಂತಿ ಎಳೆದು ಬೆಂಗಳೂರಿಗಿಂತ ಮೊದಲೇ ದೀಪ ಕಂಡ ಊರು ನಮ್ಮದು ಅಂತ ಹೆಮ್ಮೆ ಪಡುತ್ತೇವೆ. ಆದರೆ ನಮ್ಮ ಮಕ್ಕಳು ಈಗ ಬಾಗಿಲ ಹೊರಗೆ ಬರುವುದು ಕರೆಂಟು ಹೋದಾಗ! ಗಲ್ಲಿಯೆಲ್ಲ ಕತ್ತಲಾಗುತ್ತಿದ್ದ ಹಾಗೆ 'ಹೋ' ಅಂತ ಕೂಗು ಬೀಳುತ್ತದೆ, ಐದೇ ನಿಮಿಷದಲ್ಲಿ ಕಣ್ಣಾಮುಚ್ಚಾಲೆ. ಬಂದೊಡನೆ ಒಳಗೆ. ವಿದ್ಯುತ್ ಇಲಾಖೆಯವರು ಯಾರಾದರೂ ಇಲ್ಲಿದ್ದರೆ, ಇದನ್ನು ಬೇಡಿಕೆ ಅಂತ ಬರೆದುಕೊಳ್ಳಬೇಡಿ.

ಏನೂ ಆಗದೆ ಇರುವುದರ ಬೆಲೆ ಏನು ಅಂತ ಕೇಳಿದರೆ ನನ್ನ ಬಳಿ ನಮ್ಮೂರಿನದೇ ಉತ್ತರ ಇದೆ. ಕೆಜಿಎಫ್ ಅಂದರೆ ಹೊರಗಿನವರಿಗೆ ಈಗ ಸಿನಿಮಾ. ಇದು ನಮ್ಮ ಮಕ್ಕಳಿಗೂ ತಿಳಿದಿಲ್ಲ: ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಮ್ಮ ಗಣಿಯ ಆಳದಲ್ಲಿ, ಆಕಾಶದಿಂದ ಬಂದು ಬಂಡೆ ಕೊರೆದು ಇಳಿಯುವ ಕಣಗಳನ್ನು ಎಣಿಸುತ್ತಿದ್ದರು. ಕನ್ನಡ ನಾಡಿನವರೇ ಆದ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲೇ ಉಪಕರಣ ಹೊತ್ತು ಇಳಿದವರು. ಆಳ ಹೆಚ್ಚಿದ ಹಾಗೆ ಎಣಿಕೆ ಇಳಿಯುತ್ತ ಹೋಯಿತು. ಕೊನೆಗೆ ಎರಡೂಮುಕ್ಕಾಲು ಕಿಲೋಮೀಟರ್ ಆಳದಲ್ಲಿ ವಾರಗಟ್ಟಲೆ ಕಾದರೂ ಒಂದು ಕಣವೂ ದಾಖಲಾಗಲಿಲ್ಲ. ಬೇರೆಯವರಾಗಿದ್ದರೆ ಗಂಟು ಕಟ್ಟಿಕೊಂಡು ಹೊರಡುತ್ತಿದ್ದರು. ಇವರು, ಇಷ್ಟು ನಿಶ್ಶಬ್ದವಾದ ಜಾಗ ಸಿಕ್ಕಿದೆ ಅಂದಮೇಲೆ ಇಲ್ಲಿ ನ್ಯೂಟ್ರಿನೊ ಹುಡುಕಬಹುದು ಅಂದರು. 1965ರಲ್ಲಿ ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ಜೊತೆ ಸೇರಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊದ ಗುರುತನ್ನು ಚಾಂಪಿಯನ್ ರೀಫ್‌ನ ಗಣಿಯಲ್ಲಿ ಹಿಡಿದರು. ಅದನ್ನು ಜಗತ್ತಿನಲ್ಲೇ ಮೊದಲ ಸಲ ಕಂಡ ಕೆಲವರಲ್ಲಿ ಅವರೂ ಸೇರಿದರು. ಇದನ್ನು ಐದನೇ ಕ್ಲಾಸಿಗೆ ಹೇಳಿದಾಗ ಒಬ್ಬ ಕೇಳಿದ: 'ಅಷ್ಟು ದಿನ ಅವರಿಗೆ ಬೋರ್ ಹೊಡೀಲಿಲ್ವಾ ಮಿಸ್?' ಹೊಡೆದಿರುತ್ತದೆ ಕಣೋ, ಖಂಡಿತ ಹೊಡೆದಿರುತ್ತದೆ. ಗಣಿಯ ಸೆಖೆ ಬೇರೆ.

ಹನ್ನೆರಡು ದಾಟಿದವರ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸಭೆಯಲ್ಲಿ ಕೆಲವರಿಗೆ ಸಿಟ್ಟು ಬರಬಹುದು.

ನಮ್ಮ ಹುಡುಗರಿಗೆ ಬೇಸರ ಇದೆ, ಹುಡುಗಿಯರಿಗೆ ಇಲ್ಲ. ಯಾಕೆ ಇಲ್ಲ? ಹೊತ್ತಿಲ್ಲ. ರೈಲು ಹೋದ ಮೇಲೆ ಪಾತ್ರೆ, ಬಟ್ಟೆ, ತಮ್ಮನ ಊಟ, ಅಜ್ಜಿಯ ಮಾತ್ರೆ, ನೀರು ಬಿಟ್ಟಾಗ ಕೊಡ ತುಂಬಿಸುವುದು, ಎಲ್ಲವೂ ಹದಿಮೂರರ ಹುಡುಗಿಯ ಲೆಕ್ಕಕ್ಕೆ. ಅವಳಣ್ಣ ಬಾಗಿಲಲ್ಲಿ ನಿಂತು 'ಬೋರು' ಅನ್ನುತ್ತಾನೆ, ಬೈಕು ಇರುವ ಗೆಳೆಯ ಬರುತ್ತಾನೆ, ಸಯನೈಡ್ ದಿಬ್ಬದ ಕಡೆಗೆ ಹೋಗುತ್ತಾರೆ. ಅದು ಗಣಿ ಬಿಟ್ಟುಹೋದ ವಿಷದ ಧೂಳು, ಆಟದ ಮೈದಾನವಲ್ಲ. ಸಿನಿಮಾ ತೆಗೆದರು ಅಂತ ಪವಿತ್ರವಾಗಿಬಿಡಲಿಲ್ಲ. ಇಬ್ಬರಿಗೂ ನಾವು ಅನ್ಯಾಯ ಮಾಡಿದ್ದೇವೆ. ಹುಡುಗನಿಗೆ ಕೆಲಸ ಕೊಡಲಿಲ್ಲ, ಹುಡುಗಿಗೆ ಬೇಸರ ಪಡುವಷ್ಟು ಬಿಡುವು ಕೊಡಲಿಲ್ಲ. ಮಗುವಿನ ವಿರಾಮವೂ ಆಟವೂ ಹಕ್ಕು ಅಂತ ಹೇಳುವ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1992ರಲ್ಲೇ ಒಪ್ಪಿ ಸೇರಿದೆ. ಅದರ 31ನೇ ವಿಧಿಯಲ್ಲಿ ಹುಡುಗರಿಗೆ ಮಾತ್ರ ಅಂತ ಎಲ್ಲೂ ಬರೆದಿಲ್ಲ.

ಪಾತ್ರೆ ಹಂಚಿ. ಪಾಳಿ ಹಾಕಿ. ಪಾಳಿ ಅನ್ನುವುದು ಈ ಊರಿಗೆ ಹೊಸ ಮಾತಲ್ಲ. ಹದಿನಾಲ್ಕರವನಿಗೆ ಬೇಕಾದದ್ದು ಕಾಲಕ್ಷೇಪ ಅಲ್ಲ, ಅವನಿಲ್ಲದಿದ್ದರೆ ನಡೆಯದ ಒಂದು ಕೆಲಸ. ಗ್ಯಾಸ್ ಬುಕ್ ಮಾಡುವುದು, ರೇಷನ್ ಅಂಗಡಿಯ ಲೆಕ್ಕ, ವಾರಕ್ಕೊಂದು ದಿನ ಪೂರ್ತಿ ಅಡುಗೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಟ್ಟ ಮಿಕ್ಸಿಗಳನ್ನು ಬಿಚ್ಚಿ ಬಿಚ್ಚಿ ಇಡೀ ಗಲ್ಲಿಯ ಮಿಕ್ಸಿ ಡಾಕ್ಟರ್ ಆದ. ಮೊದಲು ಬಿಚ್ಚಿದ್ದು ಅವರಮ್ಮನದು, ಅದು ಮತ್ತೆ ತಿರುಗಲಿಲ್ಲ. ಆ ತಾಯಿ ಅಂದು ಬೆನ್ನಿಗೆ ನಾಲ್ಕು ಬಿಟ್ಟಿದ್ದರೆ ಆ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಈ ವಯಸ್ಸಿನವರು ಕೋಣೆಯ ಮೂಲೆ ಹಿಡಿದು ಮಾತಾಡದೆ ಕೂತರೆ ಎಲ್ಲವನ್ನೂ ಬೇಸರ ಅನ್ನಲೂ ಬೇಡಿ. ಊಟ ಬಿಟ್ಟಿದ್ದಾರೆಯೆ, ನಿದ್ದೆ ಹೋಗಿದೆಯೆ, ಇಷ್ಟದ ಗೆಳತಿ ಬಂದರೂ ಎದ್ದು ಬರುವುದಿಲ್ಲವೆ, ಇದು ವಾರಗಟ್ಟಲೆ ನಡೆದಿದೆಯೆ ನೋಡಿ. ಹಾಗಿದ್ದರೆ ಅದಕ್ಕೆ ಚೌಕಾಬಾರಾ ಮದ್ದಲ್ಲ, ಡಾಕ್ಟರನ್ನು ಕಾಣಬೇಕು.

ಹೋಗಲು ಒಂದು ಜಾಗವೂ ಬೇಕು. ಬಂಗಾರಪೇಟೆ ಸುತ್ತಲ ಹಳ್ಳಿಯವರಿಗೆ ಒಂದು ಮಾತು: 2020ರ ನವೆಂಬರ್ 14ಕ್ಕೆ 'ಓದುವ ಬೆಳಕು' ಅಂತ ಶುರುವಾಯಿತು, ಆರರಿಂದ ಹದಿನೆಂಟು ವರ್ಷದವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಪುಕ್ಕಟೆ ಸದಸ್ಯತ್ವ. ಈಗ ಅದರ ಬೋರ್ಡಿನ ಮೇಲೆ 'ಅರಿವು ಕೇಂದ್ರ' ಅಂತ ಇರುತ್ತದೆ. ಹುಡುಗಿಯರನ್ನು ಕಳಿಸಿ. ಗ್ರಂಥಾಲಯಕ್ಕೆ ಹೋಗುತ್ತೇನೆ ಅನ್ನುವುದು ನಮ್ಮ ಹಳ್ಳಿಯ ಹದಿಹರೆಯದ ಹುಡುಗಿ ಮನೆ ಬಿಟ್ಟು ಒಂದು ಗಂಟೆ ಹೊರಗಿರಲು ಯಾರೂ ಪ್ರಶ್ನಿಸದ ಒಂದೇ ಕಾರಣ. ಅಲ್ಲಿ ಅವಳು ಪುಸ್ತಕ ಮುಚ್ಚಿಟ್ಟು ಗೆಳತಿಯ ಜೊತೆ ನಕ್ಕರೂ ನನಗೇನೂ ತಕರಾರಿಲ್ಲ. ಕೋಲಾರದ ಅಂತರಗಂಗೆ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರೂ ಗೆಳೆಯರೂ ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರಕ್ಕೆ ಒಮ್ಮೆ ಕರೆದುಕೊಂಡು ಹೋಗಿ. ಹುಣ್ಣಿಮೆ ರಾತ್ರಿ ಬಂಡೆಯ ಮೇಲೆ ಕೂತು ಹಾಡು, ನಾಟಕ ನೋಡಿ ಬಂದ ಮಗು ಎರಡು ತಿಂಗಳು ಮನೆಯ ಹಾಸುಗೆಯನ್ನೆಲ್ಲ ಪರದೆ ಮಾಡುತ್ತದೆ. ಒಗೆಯುವ ಕೆಲಸ ಹೆಚ್ಚುತ್ತದೆ, ಅಷ್ಟೆ.

ಹೆಚ್ಚು ಹೊತ್ತಾಯಿತು. ಕುರ್ಚಿಯ ಕೆಳಗಿದ್ದವನು ಈಗ ಮೂರನೇ ಸಾಲಿಗೆ ಬಂದಿದ್ದಾನೆ, ಇನ್ನಿಬ್ಬರು ಅವನ ಹಿಂದೆ. ಏನೋ ಒಂದು ಆಟ ಹುಟ್ಟಿದೆ, ನಿಯಮ ನನಗೆ ತಿಳಿಯುತ್ತಿಲ್ಲ.

ರೈಲಿನ ಅಪ್ಪಂದಿರಿಗೆ ಒಂದು ಕಥೆ ಹೇಳಿ ನಿಲ್ಲಿಸುತ್ತೇನೆ. ನಮ್ಮ ಬೀದಿಯಲ್ಲಿ ಒಬ್ಬ ಇದ್ದಾನೆ, ಬೆಂಗಳೂರಿನಲ್ಲಿ ಕೆಲಸ, ಬೆಳಗಿನ ರೈಲು, ರಾತ್ರಿಯ ರೈಲು. ಮಗಳಿಗೆ ಎಂಟು ವರ್ಷ. 'ಇಡೀ ದಿನ ಬೋರು' ಅಂತ ಅವಳು ಅತ್ತದ್ದಕ್ಕೆ ಅವನಿಗೆ ಏನು ಮಾಡಬೇಕೋ ತಿಳಿಯದೆ, ನಾಳೆ ರೈಲಿನಲ್ಲಿ ನಾನು ಏನು ನೋಡಿಕೊಂಡು ಬರಲಿ ಹೇಳು ಅಂದನಂತೆ. 'ನಿಮ್ಮ ಬೋಗೀಲಿ ಎಷ್ಟು ಜನ ನಿದ್ದೆ ಮಾಡ್ತಾರೆ ಎಣಿಸ್ಕೊಂಡ್ ಬಾ' ಅಂದಳು. ನಲವತ್ತೊಂದು ಅಂತ ಬಂದು ಹೇಳಿದ. ಅವಳು ಬರೆದಿಟ್ಟಳು. ಆಮೇಲೆ ದಿನಕ್ಕೊಂದು ಪ್ರಶ್ನೆ: ಮಾಲೂರಿನಲ್ಲಿ ಹೂವಿನ ಬುಟ್ಟಿ ಎಷ್ಟು ಹತ್ತಿದವು? ವೈಟ್‌ಫೀಲ್ಡಿನಲ್ಲಿ ನಾಯಿ ಇದೆಯಾ? ಅವನು ದಿನವಿಡೀ ಉತ್ತರ ಹೊತ್ತು ತರುತ್ತಾನೆ, ಇವಳು ಹಗಲೆಲ್ಲ ಮರುದಿನದ ಪ್ರಶ್ನೆ ಯೋಚಿಸುತ್ತಾ ಕೂರುತ್ತಾಳೆ. ನೋಟ್‌ಬುಕ್ಕು ಅರ್ಧ ತುಂಬಿದೆ. ಮೊನ್ನೆ ರಾತ್ರಿ ಸ್ಟೇಷನ್ನಿನಿಂದ ಬರುತ್ತಾ ನಮ್ಮ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದ:

'ಮೇಡಂ, ಟೇಕಲ್ ಸ್ಟೇಷನ್ನಲ್ಲಿ ಎಷ್ಟು ಮರ ಇದೆ ಗೊತ್ತಾ? ಇವತ್ತು ನಂಗೇ ನಿದ್ದೆ ಬಂದ್ಬಿಡ್ತು.'